ವಿಡಿಯೊ ಗಾತ್ರ ಇಳಿಯಬೇಕು, ಮುಖ ಮಸುಕಾಗಬಾರದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮದುವೆ, ಉಪನಯನ, ಯಕ್ಷಗಾನದ ಆಟ, ತಾಳಮದ್ದಳೆ ಏನೇ ನಡೆದರೂ ಮರುದಿನ ಬೆಳಿಗ್ಗೆ ನನಗೊಂದು ಫೋನ್ ಬರುತ್ತದೆ. "ವಿಡಿಯೊ ಭಾರಿ ದೊಡ್ಡದಾಗಿದೆ ಮಾರಾಯ, ಕಳಿಸಲಿಕ್ಕೇ ಆಗ್ತಿಲ್ಲ." ಫೋನುಗಳು ಬದಲಾಗಿವೆ, ಪ್ರಶ್ನೆಗಳು ಮಾತ್ರ ಅವೇ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಕೂತೆ.

ಹತ್ತು ನಿಮಿಷದ ವಿಡಿಯೊ ನಾಲ್ಕು ಜಿಬಿ ಯಾಕಾಗುತ್ತದೆ?

ನಿಮ್ಮ ಫೋನು 4ಕೆ, 60 ಫ್ರೇಮಿನಲ್ಲಿ ಇದ್ದಿರಬೇಕು. 4ಕೆ, 1080ಪಿ ಅನ್ನುವುದು ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನುವ ಅಳತೆ, ಫ್ರೇಮು ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳು. ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಈ ಲೆಕ್ಕ ಇದೆ. 'ಹೈ ಎಫಿಶಿಯೆನ್ಸಿ' ಆಯ್ಕೆಯಲ್ಲಿ ಒಂದು ನಿಮಿಷಕ್ಕೆ 1080ಪಿ 30 ಫ್ರೇಮಾದರೆ ಸುಮಾರು 60 ಎಂಬಿ, 4ಕೆ 30 ಆದರೆ 170 ಎಂಬಿ, 4ಕೆ 60 ಆದರೆ 400 ಎಂಬಿ. ಅಂದರೆ ಒಂದೂವರೆ ಗಂಟೆಯ ಶಾಲಾ ವಾರ್ಷಿಕೋತ್ಸವ ಮೊದಲನೆಯದರಲ್ಲಿ 5.4 ಜಿಬಿ, ಕೊನೆಯದರಲ್ಲಿ 36 ಜಿಬಿ. ಮಗು ಎರಡರಲ್ಲೂ ಒಂದೇ ಡ್ಯಾನ್ಸ್ ಮಾಡಿರುತ್ತದೆ.

ಗಾತ್ರ ತೀರ್ಮಾನವಾಗುವುದು ಬಿಟ್‌ರೇಟಿನಿಂದ. ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಬಿಟ್ ಖರ್ಚಾಗುತ್ತದೆ ಅನ್ನುವ ಲೆಕ್ಕ ಅದು. 8 ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಅಂದರೆ ಸೆಕೆಂಡಿಗೆ 1 ಎಂಬಿ (ಮೆಗಾಬೈಟ್), ನಿಮಿಷಕ್ಕೆ 60 ಎಂಬಿ, ಗಂಟೆಗೆ 3.6 ಜಿಬಿ. ಇದೊಂದು ನೆನಪಿದ್ದರೆ ಉಳಿದದ್ದನ್ನು ಬಾಯಲ್ಲೇ ಲೆಕ್ಕ ಹಾಕಬಹುದು.

ಜಿಪ್ ಮಾಡಿದರೆ ಕಮ್ಮಿ ಆಗುತ್ತಾ?

ಇಲ್ಲ. ಫೋನು ವಿಡಿಯೊವನ್ನು ಹಿಂಡಿಯೇ ನಿಮ್ಮ ಕೈಗೆ ಕೊಟ್ಟಿರುತ್ತದೆ. ಏನೂ ಹಿಂಡದ 1080ಪಿ ಚಿತ್ರ 30 ಫ್ರೇಮಿನಲ್ಲಿ ಸೆಕೆಂಡಿಗೇ ಸುಮಾರು 186 ಎಂಬಿ ಆಗುತ್ತದೆ, ನಿಮಿಷಕ್ಕೆ 11 ಜಿಬಿ ದಾಟುತ್ತದೆ. ಅದು 60 ಎಂಬಿಗೆ ಇಳಿದು ಬಂದಿದೆ. ಹಿಂಡಿದ ನಿಂಬೆಹಣ್ಣನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದರೆ ಇನ್ನಷ್ಟು ರಸ ಬರುವುದಿಲ್ಲ.

ಒಂದೇ ಸೆಟ್ಟಿಂಗ್ ಇಟ್ಟರೂ ಒಂದು ವಿಡಿಯೊ ಚಿಕ್ಕದಾಗುತ್ತದೆ, ಇನ್ನೊಂದು ಆಗುವುದೇ ಇಲ್ಲ. ಯಾಕೆ?

ಇಡೀ ವಿಷಯದ ಗುಟ್ಟು ಇದೇ. ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು.

ತಾಳಮದ್ದಳೆಯ ವಿಡಿಯೊ ನೆನಪು ಮಾಡಿಕೊಳ್ಳಿ. ನಾಲ್ಕೈದು ಅರ್ಥಧಾರಿಗಳು ಸಾಲಾಗಿ ಕೂತಿದ್ದಾರೆ. ಹಿಂದೆ ಬ್ಯಾನರ್. ಅಲುಗುವುದು ಭಾಗವತರ ಕೈ, ಮದ್ದಳೆಯವರ ಬೆರಳು, ಮಾತಾಡುವವರ ಮುಖ, ಅಷ್ಟೇ. ಎನ್‌ಕೋಡರ್, ಅಂದರೆ ವಿಡಿಯೊ ಹಿಂಡುವ ಯಂತ್ರಾಂಶ ಅಥವಾ ಸಾಫ್ಟ್‌ವೇರ್, ಒಂದು ಪೂರ್ತಿ ಚಿತ್ರ ಬರೆದುಕೊಳ್ಳುತ್ತದೆ. ಆಮೇಲೆ ಬರುವ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಬ್ಯಾನರ್ ಅಲ್ಲೇ ಇದೆ, ಗೋಡೆ ಅಲ್ಲೇ ಇದೆ. ಬರೆಯುವುದಕ್ಕೆ ಏನೂ ಇಲ್ಲ. ಇಂಥ ವಿಡಿಯೊ 800 ಕೆಬಿಪಿಎಸ್‌ಗೆ (0.8 ಎಂಬಿಪಿಎಸ್) ಇಳಿಸಿದರೂ ತಕರಾರಿಲ್ಲದೆ ಕೂರುತ್ತದೆ. ಧ್ವನಿಗೆ 128 ಸೇರಿಸಿ. ಮೂರು ಗಂಟೆಯ ಕೂಟಕ್ಕೆ 1.25 ಜಿಬಿ.

ಈಗ ಬಯಲಾಟಕ್ಕೆ ಬನ್ನಿ. ರಾತ್ರಿ ಎರಡು ಗಂಟೆ. ಬಣ್ಣದ ಲೈಟು. ಪುಂಡುವೇಷ ಮಂಡಿ ಹಾಕಿ ಗಿರಗಿರ ಸುತ್ತುತ್ತಿದೆ. ವೇಷದ ಒಂದೊಂದು ಮಣಿಯೂ ಪ್ರತಿ ಫ್ರೇಮಿನಲ್ಲಿ ಬೇರೆ ಥರ ಮಿಂಚುತ್ತಿದೆ. ಎನ್‌ಕೋಡರಿಗೆ ಹಿಂದಿನ ಚಿತ್ರದಿಂದ ಎರವಲು ತೆಗೆದುಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಅದೇ 800 ಕೆಬಿಪಿಎಸ್ ಕೊಟ್ಟರೆ ವೇಷ ಬಣ್ಣದ ಮುದ್ದೆಯಾಗುತ್ತದೆ.

ಚಲನೆ ಅಂದರೆ ಎಲ್ಲ ಚಲನೆಯೂ ಕಷ್ಟ ಅಂತಲ್ಲ. ರಸ್ತೆಯಲ್ಲಿ ಬಸ್ಸು ಎಡದಿಂದ ಬಲಕ್ಕೆ ಹೋದರೆ "ಈ ತುಂಡು ಆ ಕಡೆಗೆ ಸರಿಯಿತು" ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಬಹುದು. ಕಷ್ಟ ಆಗುವುದು ಸಾವಿರ ಚೂರು ಸಾವಿರ ಕಡೆ ಹೋದಾಗ. ಮಳೆಗಾಲದ ಜೋಗ, ಗಾಳಿಗೆ ಅಲುಗುವ ಅಡಿಕೆ ಸೋಗೆ, ಕತ್ತಲಲ್ಲಿ ಕ್ಯಾಮೆರಾ ತಾನೇ ಹುಟ್ಟಿಸುವ ಚುಕ್ಕಿಗಳು.

ಎಲ್ಲಕ್ಕಿಂತ ಕೆಟ್ಟದ್ದು ಮದುವೆಯ ಅಕ್ಷತೆ. ಎಲ್ಲರೂ ಕಾಯುವ ಕ್ಷಣ ಅದು. ಗಟ್ಟಿಮೇಳ ಶುರುವಾಗುತ್ತದೆ, ಇನ್ನೂರು ಕೈ ಒಟ್ಟಿಗೆ ಏಳುತ್ತವೆ, ಅಕ್ಕಿಕಾಳು ಗಾಳಿಯಲ್ಲಿ ಹಾರುತ್ತವೆ, ಜೊತೆಗೆ ನಾಲ್ಕು ಫ್ಲ್ಯಾಶು. ಅಲ್ಲಿಯವರೆಗೆ ಚೆನ್ನಾಗಿದ್ದ ವಿಡಿಯೊ ಅಷ್ಟು ಹೊತ್ತು ಮಾತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆ ಚೌಕಗಳು ಕಣ್ಣಿನ ಭ್ರಮೆಯಲ್ಲ. ಎಚ್.264 ಅನ್ನುವ, ವಿಡಿಯೊ ಹಿಂಡುವ ಪದ್ಧತಿ ಚಿತ್ರವನ್ನು 16 ಪಿಕ್ಸೆಲ್ ಉದ್ದ 16 ಪಿಕ್ಸೆಲ್ ಅಗಲದ ತುಂಡುಗಳಾಗಿ ಮಾಡಿಕೊಂಡು ಕೆಲಸ ಮಾಡುತ್ತದೆ. ಬಿಟ್ ಸಾಲದೆ ಹೋದಾಗ ಆ ತುಂಡುಗಳ ಅಂಚು ಹೊರಗೆ ಕಾಣುತ್ತದೆ.

ಅದಕ್ಕೇ ನಾನು ಹೇಳುವುದು, ವಿಡಿಯೊದ ಶುರುವಿನ 30 ಸೆಕೆಂಡು ನೋಡಿ ಪರವಾಗಿಲ್ಲ ಅನ್ನಬೇಡಿ. ಗಟ್ಟಿಮೇಳದ 30 ಸೆಕೆಂಡು ನೋಡಿ.

ಯಾವ ಸಾಫ್ಟ್‌ವೇರ್ ಬಳಸಬೇಕು?

ಕಂಪ್ಯೂಟರಿನಲ್ಲಾದರೆ ಹ್ಯಾಂಡ್‌ಬ್ರೇಕ್. ದುಡ್ಡಿಲ್ಲ, ಜಾಹೀರಾತಿಲ್ಲ, ವಿಡಿಯೊ ಮೇಲೆ ತನ್ನ ಹೆಸರು ಅಚ್ಚೊತ್ತುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಮಾಂಡ್ ಬರೆಯುವ ಅಭ್ಯಾಸ ಇದ್ದವರಿಗೆ ಎಫ್‌ಎಫ್‌ಎಂಪೆಗ್ ಇದೆ. 50 ಫೈಲುಗಳನ್ನು ರಾತ್ರಿ ಹಚ್ಚಿಟ್ಟು ಮಲಗುವುದಕ್ಕೆ ಅದರಂಥದ್ದು ಇನ್ನೊಂದಿಲ್ಲ.

"ಇಲ್ಲಿ ಅಪ್‌ಲೋಡ್ ಮಾಡಿ, ನಾವು ಚಿಕ್ಕದು ಮಾಡಿ ಕೊಡ್ತೇವೆ" ಅನ್ನುವ ವೆಬ್‌ಸೈಟುಗಳು ನನಗೆ ಇಷ್ಟವಿಲ್ಲ. 2 ಜಿಬಿ ಫೈಲನ್ನು 5 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಳಿಸಲು 53 ನಿಮಿಷ ಬೇಕು. ಅಷ್ಟರಲ್ಲಿ ಹ್ಯಾಂಡ್‌ಬ್ರೇಕ್ ನಿಮ್ಮ ಮನೆಯಲ್ಲೇ ಕೆಲಸ ಮುಗಿಸಿರುತ್ತದೆ. ಮೇಲಾಗಿ ಮನೆಯ ಹೆಣ್ಣುಮಕ್ಕಳ, ಮಕ್ಕಳ ವಿಡಿಯೊವನ್ನು ಗುರುತಿಲ್ಲದವರ ಕಂಪ್ಯೂಟರಿನಲ್ಲಿ ಇಡುವ ಅಗತ್ಯವೇನು?

ಹ್ಯಾಂಡ್‌ಬ್ರೇಕ್ ತೆರೆದೆ. ನೂರೆಂಟು ಗುಂಡಿ ಇವೆ. ಎಲ್ಲಿಂದ ಶುರು ಮಾಡಲಿ?

ಭಯಪಡಬೇಡಿ, ಮುಟ್ಟಬೇಕಾದದ್ದು ನಾಲ್ಕೋ ಐದೋ.

ವಿಡಿಯೊ ಫೈಲನ್ನು ಎಳೆದು ಅದರ ಮೇಲೆ ಬಿಡಿ. ಪ್ರಿಸೆಟ್‌ನಲ್ಲಿ 'ಫಾಸ್ಟ್ 1080ಪಿ30' ಇರುತ್ತದೆ, ಅದೇ ಇರಲಿ. 'ವಿಡಿಯೊ' ಟ್ಯಾಬಿಗೆ ಹೋಗಿ. ಅಲ್ಲಿ ಕಾನ್‌ಸ್ಟಂಟ್ ಕ್ವಾಲಿಟಿ ಅಂತ ಒಂದು ಜಾರುಪಟ್ಟಿ, ಪಕ್ಕದಲ್ಲಿ ಆರ್‌ಎಫ್ 22 ಅಂತ ಅಂಕಿ. ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಈಗ ಮೇಲೆ 'ರೇಂಜ್' ಅನ್ನುವ ಕಡೆ ಚಾಪ್ಟರ್ ಬದಲು ಸೆಕೆಂಡ್ಸ್ ಆರಿಸಿ. ನಿಮ್ಮ ವಿಡಿಯೊದಲ್ಲಿ ಅಕ್ಷತೆ ಬೀಳುವುದು 41ನೇ ನಿಮಿಷಕ್ಕೆ ಅಂತಿಟ್ಟುಕೊಳ್ಳಿ. 2460ರಿಂದ 2490 ಅಂತ ಕೊಡಿ. 'ಸ್ಟಾರ್ಟ್ ಎನ್‌ಕೋಡ್' ಒತ್ತಿ. ಸ್ವಲ್ಪ ಹೊತ್ತಿನಲ್ಲೇ ಆ 30 ಸೆಕೆಂಡಿನ ತುಂಡು ಸಿಗುತ್ತದೆ. ಅದನ್ನು ಯಾವ ಪರದೆಯಲ್ಲಿ ಜನ ನೋಡುತ್ತಾರೋ ಅದರಲ್ಲೇ ನೋಡಿ. ಟಿವಿಗಾದರೆ ಟಿವಿಯಲ್ಲಿ. ಚೆನ್ನಾಗಿದ್ದರೆ ಆರ್‌ಎಫ್ 24 ಮಾಡಿ ಇನ್ನೊಂದು ತುಂಡು. ಕೆಟ್ಟರೆ 20. ನಿಮ್ಮ ಕಣ್ಣು "ಇಲ್ಲಿಂದ ಆಚೆ ಬೇಡ" ಅನ್ನುವ ಅಂಕಿಯಲ್ಲಿ ನಿಲ್ಲಿಸಿ, ರೇಂಜನ್ನು ಮತ್ತೆ ಪೂರ್ತಿ ಮಾಡಿ, ಇಡೀ ವಿಡಿಯೊ ಹಚ್ಚಿ ಊಟಕ್ಕೆ ಹೋಗಿ.

ಈ ತುಂಡು ಪರೀಕ್ಷೆ ಮಾಡದೆ ಎರಡು ಗಂಟೆಯ ವಿಡಿಯೊವನ್ನು ಮೂರು ಸಲ ಎನ್‌ಕೋಡ್ ಮಾಡಿ ರಾತ್ರಿ ಕಳೆದವರು ನಮ್ಮಲ್ಲೇ ಇದ್ದಾರೆ. ನಾನೂ ಅವರಲ್ಲೊಬ್ಬ.

ಆರ್‌ಎಫ್ ಅಂದರೇನು? ಜಾಸ್ತಿ ಇದ್ದರೆ ಒಳ್ಳೆಯದೋ, ಕಡಿಮೆ ಇದ್ದರೋ?

ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಮೇಲೆ, ಫೈಲು ದೊಡ್ಡದು. ಪರೀಕ್ಷೆಯ ರ್‍ಯಾಂಕ್ ಇದ್ದ ಹಾಗೆ ನೋಡಿ, ಅಂಕಿ ಚಿಕ್ಕದಾದಷ್ಟೂ ಮೇಲು. ಎಫ್‌ಎಫ್‌ಎಂಪೆಗ್‌ನಲ್ಲಿ ಇದನ್ನೇ ಸಿಆರ್‌ಎಫ್ ಅನ್ನುತ್ತಾರೆ.

ಎಚ್.264ರಲ್ಲಿ ಈ ಅಂಕಿ 0ಯಿಂದ 51ರವರೆಗೆ ಹೋಗುತ್ತದೆ. 18ರ ಹತ್ತಿರ ಇದ್ದರೆ ಮೂಲಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಹ್ಯಾಂಡ್‌ಬ್ರೇಕ್‌ನವರು 1080ಪಿಗೆ 20ರಿಂದ 24, 720ಪಿಗೆ 19ರಿಂದ 23, 4ಕೆಗೆ 22ರಿಂದ 28 ಅಂತ ಹೇಳುತ್ತಾರೆ. ನನ್ನ ರೂಢಿ: ಮನೆಯ ಸಮಾರಂಭಕ್ಕೆ 22, ಭಾಷಣ, ತಾಳಮದ್ದಳೆಗೆ 25, ಮತ್ತೆಂದೂ ಸಿಗದ ಹಳೆಯ ವಿಡಿಯೊಗೆ 18.

ಇನ್ನೊಂದು ಸಂಗತಿ. ಅಂಕಿಯನ್ನು 6 ಏರಿಸಿದರೆ ಗಾತ್ರ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, 6 ಇಳಿಸಿದರೆ ಎರಡು ಪಟ್ಟು. ಎರಡು ಅಂಕಿ ಆಚೀಚೆ ಮಾಡುವುದು ಸಣ್ಣ ವಿಷಯವಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಬಿಟ್‌ರೇಟಿನ ಬದಲು ಇದನ್ನು ಯಾಕೆ ಬಳಸಬೇಕು ಅಂದರೆ, ಇದು ಊಟ ಬಡಿಸುವವರು ಎಲೆ ನೋಡಿ ಬಡಿಸಿದ ಹಾಗೆ. ಪುರೋಹಿತರು ಮಂತ್ರ ಹೇಳುವ ಅರ್ಧ ಗಂಟೆಗೆ ಕಮ್ಮಿ ಬಿಟ್ ಹಾಕುತ್ತದೆ, ಉಳಿದದ್ದನ್ನು ಅಕ್ಷತೆಗೆ ಸುರಿಯುತ್ತದೆ. ಕೊನೆಗೆ ಫೈಲು ಎಷ್ಟಾಗುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ, ಅದೊಂದೇ ತೊಂದರೆ.

ಎಚ್.264, ಎಚ್.265, ಎವಿ1 ಇವುಗಳಲ್ಲಿ ಯಾವುದು?

ಯಾರು ನೋಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ.

ಎಚ್.264 ಬಂದದ್ದು 2003ರಲ್ಲಿ. ಈಗ ಚಾಲ್ತಿಯಲ್ಲಿರುವ ಫೋನು, ಟಿವಿ, ಲ್ಯಾಪ್‌ಟಾಪುಗಳಲ್ಲಿ ಇದು ಓಡದ ಸಾಧನ ಸಿಗುವುದು ಕಷ್ಟ. ಎಚ್.265 ಬಂದದ್ದು 2013ರಲ್ಲಿ. ಅದೇ ನೋಟವನ್ನು ಇನ್ನೂ ಕಡಿಮೆ ಬಿಟ್‌ನಲ್ಲಿ ಕೊಡುತ್ತದೆ, ಆದರೆ ಎನ್‌ಕೋಡ್ ಮಾಡಲು ಹೊತ್ತು ಜಾಸ್ತಿ ತಿನ್ನುತ್ತದೆ. ಎವಿ1 2018ರದ್ದು, ಅದಕ್ಕಿಂತಲೂ ಜಿಪುಣ. ಆದರೆ ಹಳೆಯ ಫೋನುಗಳು ಅದನ್ನು ಓಡಿಸಲು ತಿಣುಕಾಡುತ್ತವೆ.

ಊರಿಗೆಲ್ಲ ಹಂಚುವ ವಿಡಿಯೊಗೆ ನಾನು ಈಗಲೂ ಎಚ್.264 ಅನ್ನೇ ಬಳಸುತ್ತೇನೆ. ಎಚ್.265 ಕಳಿಸಿದರೆ ಯಾರೋ ಒಬ್ಬರು ಅತ್ತೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆದು "ಧ್ವನಿ ಬರ್ತದೆ, ಚಿತ್ರ ಇಲ್ಲ" ಅನ್ನುತ್ತಾರೆ. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಅದಕ್ಕೆ ಬೇರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಸರಿಹೋಗುತ್ತದೆ, ಆದರೆ ಅದನ್ನು ಫೋನಿನಲ್ಲಿ ವಿವರಿಸುವವರು ಯಾರು? ನಿಮ್ಮದೇ ಡಿಸ್ಕಿನಲ್ಲಿ ಇಡಲು ಮಾತ್ರ ಎಚ್.265 ಒಳ್ಳೆಯದು. ಒಂದು ಎಚ್ಚರ: ಎರಡರ ಆರ್‌ಎಫ್ ಅಂಕಿ ಒಂದೇ ಅಳತೆಯದ್ದಲ್ಲ. ಎಫ್‌ಎಫ್‌ಎಂಪೆಗ್ ತಾನಾಗಿ ಎಚ್.264ಕ್ಕೆ 23, ಎಚ್.265ಕ್ಕೆ 28 ಇಟ್ಟುಕೊಳ್ಳುತ್ತದೆ.

ಎಂಪಿ4, ಎಂಕೆವಿ ಇವೆಲ್ಲ ಹಿಂಡಿದ ಚಿತ್ರ, ಧ್ವನಿ ತುಂಬಿಡುವ ಬರೀ ಡಬ್ಬಿಗಳು. ಡಬ್ಬಿ ಬದಲಿಸಿದರೆ ಗಾತ್ರ ಬದಲಾಗುವುದಿಲ್ಲ. ಹಂಚುವುದಕ್ಕೆ ಎಂಪಿ4 ಇರಲಿ.

4ಕೆ ವಿಡಿಯೊವನ್ನು 1080ಪಿ ಮಾಡಿದರೆ ನಷ್ಟವೇ?

ಫೋನಿನಲ್ಲಿ ನೋಡುವವರಿಗೆ ಗೊತ್ತೇ ಆಗುವುದಿಲ್ಲ. 4ಕೆಯಲ್ಲಿ 1080ಪಿಯ ನಾಲ್ಕು ಪಟ್ಟು ಪಿಕ್ಸೆಲ್ ಇವೆ. ಗಾತ್ರ ಇಳಿಸಲು ಇದೇ ಮೊದಲ ಮೆಟ್ಟಿಲು. ಬಿಟ್ ಸಾಲದ 1080ಪಿಗಿಂತ ಬಿಟ್ ತುಂಬಿದ 720ಪಿ ನೋಡಲು ಚೆಂದ. ಇದನ್ನು ಹತ್ತು ಸಲ ಹೇಳಿದರೂ ಜನ ನಂಬುವುದಿಲ್ಲ, 1080 ಅನ್ನುವ ಅಂಕಿ ಬಿಡಲು ಮನಸ್ಸು ಬರುವುದಿಲ್ಲ. ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.

60 ಫ್ರೇಮನ್ನು 30 ಮಾಡುವುದೂ ಅಷ್ಟೇ. ಕ್ರಿಕೆಟ್, ಕಂಬಳ, ಕುಣಿತ ಇದ್ದರೆ 60 ಇರಲಿ. ಮಾತುಕತೆಗೆ 30 ಸಾಕು.

ಒಂದು ಕಡೆ ಮಾತ್ರ ಈ ಲೆಕ್ಕ ತಲೆಕೆಳಗು. ಆನ್‌ಲೈನ್ ಪಾಠ, ಸ್ಲೈಡು, ಕಂಪ್ಯೂಟರ್ ಪರದೆಯ ರೆಕಾರ್ಡಿಂಗ್. ಅಲ್ಲಿ ಅಕ್ಷರ ಮುಖ್ಯ. 480ಪಿ ಮಾಡಿದರೆ ಇಂಗ್ಲಿಷ್ ಅಕ್ಷರ ಹೇಗೋ ಉಳಿದೀತು, ಕನ್ನಡದ ಒತ್ತಕ್ಷರ ಕರಗಿಯೇ ಹೋಗುತ್ತದೆ. 'ಸ್ತ್ರೀ' ಬರೆದದ್ದೋ 'ಸೀ' ಬರೆದದ್ದೋ ಅಂತ ಮಕ್ಕಳು ಊಹೆ ಮಾಡಬೇಕು. ಇಂಥದ್ದಕ್ಕೆ 1080ಪಿಯನ್ನೇ ಇಟ್ಟುಕೊಂಡು ಫ್ರೇಮನ್ನು 10 ಅಥವಾ 15ಕ್ಕೆ ಇಳಿಸಿ. ಸ್ಲೈಡು ಅಲುಗಾಡುವುದಿಲ್ಲವಲ್ಲ, ಫೈಲು ತಾನಾಗಿಯೇ ಸಣ್ಣಗಾಗುತ್ತದೆ.

ಇಂತಿಷ್ಟೇ ಎಂಬಿ ಇರಬೇಕು ಅಂದಿದ್ದಾರೆ. ಆಗ ಏನು ಮಾಡುವುದು?

ಸ್ಪರ್ಧೆಗೆ, ಅರ್ಜಿಗೆ, ಇಮೇಲಿಗೆ ಹೀಗೆ ಬರುತ್ತದೆ. ಜಿಮೇಲ್ ಲಗತ್ತಿಗೆ 25 ಎಂಬಿ ಮಿತಿ ಇದೆ. ಕಳಿಸುವಾಗ ಫೈಲು ಸ್ವಲ್ಪ ಉಬ್ಬುವುದರಿಂದ 18 ಅಂತ ಇಟ್ಟುಕೊಳ್ಳುವುದು ಕ್ಷೇಮ. ಆಗ ಆರ್‌ಎಫ್ ಬಿಟ್ಟು ಸರಾಸರಿ ಬಿಟ್‌ರೇಟ್ ಕೊಡಬೇಕು.

ಮೂರು ನಿಮಿಷದ ಭಾವಗೀತೆ 18 ಎಂಬಿಯಲ್ಲಿ ಕೂರಬೇಕು. 18 ಗುಣಿಸು 8, 144 ಮೆಗಾಬಿಟ್. 180 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 800 ಕೆಬಿಪಿಎಸ್. ಧ್ವನಿಗೆ 128 ಕಳೆದರೆ 672. ಸ್ವಲ್ಪ ಕೈ ಹಿಡಿದು 650 ಕೊಡಿ. ಇಷ್ಟಕ್ಕೆ 1080ಪಿ ಬೇಡ, 480ಪಿ ಮಾಡಿ. ಹ್ಯಾಂಡ್‌ಬ್ರೇಕ್‌ನಲ್ಲಿ 'ಆವರೇಜ್ ಬಿಟ್‌ರೇಟ್' ಪಕ್ಕದಲ್ಲಿ ಎರಡು ಸುತ್ತು ಎನ್‌ಕೋಡ್ ಮಾಡುವ ಆಯ್ಕೆ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಮೊದಲ ಸುತ್ತಿನಲ್ಲಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಅಂತ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಅದರ ಪ್ರಕಾರ ಬಿಟ್ ಹಂಚುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದಲ್ಲ?

ಗ್ಯಾಲರಿಯಿಂದ ಕಳಿಸಿದರೆ ಅದು ತನ್ನದೇ ಲೆಕ್ಕದಲ್ಲಿ ಇನ್ನೊಮ್ಮೆ ಹಿಂಡುತ್ತದೆ. ನೀವು ಹ್ಯಾಂಡ್‌ಬ್ರೇಕ್‌ನಲ್ಲಿ ಪಟ್ಟ ಪಾಡೆಲ್ಲ ನೀರುಪಾಲು. ಎಚ್‌ಡಿ ಅಂತ ಒತ್ತಿದರೆ ಸ್ವಲ್ಪ ಮೇಲು, ಆದರೂ ಹಿಂಡುತ್ತದೆ. 'ಡಾಕ್ಯುಮೆಂಟ್' ಆಗಿ ಲಗತ್ತಿಸಿ ಕಳಿಸಿ. 2 ಜಿಬಿವರೆಗಿನ ಫೈಲು ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಆ ಕಡೆಯವರ ಫೋನಿನಲ್ಲಿ ಜಾಗ ಇದೆಯಾ ಅಂತ ಒಂದು ಮಾತು ಕೇಳಿ.

ಯೂಟ್ಯೂಬಿಗೆ ಹಾಕುವ ಮೊದಲು ಚಿಕ್ಕದು ಮಾಡಬೇಕಾ?

ನೆಟ್ ತಡೆದುಕೊಳ್ಳುವುದಾದರೆ ಬೇಡ. ಯೂಟ್ಯೂಬ್ ಹೇಗೂ ಮತ್ತೆ ಎನ್‌ಕೋಡ್ ಮಾಡುತ್ತದೆ. ನೀವು ಒಮ್ಮೆ ಹಿಂಡಿ, ಅದು ಇನ್ನೊಮ್ಮೆ ಹಿಂಡಿದರೆ ಎರಡು ನಷ್ಟ. ನೆಟ್ ನಿಧಾನ ಇದ್ದರೆ ಯೂಟ್ಯೂಬ್ ತಾನೇ ಸೂಚಿಸುವ ಮಟ್ಟಕ್ಕೆ ಇಳಿಸಿ: 1080ಪಿ 30 ಫ್ರೇಮಿಗೆ 8 ಎಂಬಿಪಿಎಸ್, 60 ಫ್ರೇಮಿಗೆ 12. ಅದಕ್ಕಿಂತ ಕೆಳಗೆ ಹೋಗಬೇಡಿ.

ಗುಣಮಟ್ಟ ಒಂಚೂರೂ ಕೆಡದೆ ಗಾತ್ರ ಇಳಿಸುವ ದಾರಿ ಇಲ್ಲವೇ?

ಇದೆ. ಕತ್ತರಿಸುವುದು. ತಮಾಷೆ ಮಾಡುತ್ತಿಲ್ಲ. ಶುರುವಿನಲ್ಲಿ ಮೈಕ್ ಟೆಸ್ಟಿಂಗ್, ನಡುವೆ ಯಾರೋ ಕ್ಯಾಮೆರಾ ಮೇಜಿನ ಮೇಲಿಟ್ಟು ಕಾಫಿಗೆ ಹೋದದ್ದು, ಕೊನೆಗೆ ಕುರ್ಚಿ ಎತ್ತುವುದು. ಇವನ್ನೆಲ್ಲ ತೆಗೆದರೆ ಎಷ್ಟೋ ಸಲ ಬೇರೇನೂ ಮಾಡಬೇಕಾಗುವುದಿಲ್ಲ.

ಆದರೆ ಸಾಮಾನ್ಯ ಎಡಿಟಿಂಗ್ ಆ್ಯಪ್‌ನಲ್ಲಿ ಕತ್ತರಿಸಿ ಸೇವ್ ಮಾಡಿದರೆ ಇಡೀ ವಿಡಿಯೊ ಹೊಸದಾಗಿ ಎನ್‌ಕೋಡ್ ಆಗುತ್ತದೆ. ಲಾಸ್‌ಲೆಸ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಗೆ ಮಾಡುವುದಿಲ್ಲ. ಬೇಕಾದ ತುಂಡನ್ನು ಇದ್ದ ಹಾಗೇ ಎತ್ತಿ ಕೊಡುತ್ತದೆ, ಅದೂ ಕ್ಷಣದಲ್ಲಿ. ಒಂದೇ ಮಿತಿ: ಪೂರ್ತಿ ಚಿತ್ರ ಇರುವ ಜಾಗದಿಂದಲೇ ತುಂಡು ಶುರುವಾಗಬೇಕು. ಹಾಗಾಗಿ ನೀವು ಗುರುತು ಹಾಕಿದ್ದಕ್ಕಿಂತ ಒಂದೆರಡು ಸೆಕೆಂಡು ಆಚೀಚೆ ಆಗಬಹುದು.

ಧ್ವನಿಯಲ್ಲಿ ಎಷ್ಟು ಉಳಿಸಬಹುದು?

ಹೆಚ್ಚೇನಿಲ್ಲ. 128 ಕೆಬಿಪಿಎಸ್ ಎಎಸಿ ಧ್ವನಿ ಗಂಟೆಗೆ 58 ಎಂಬಿಯ ಒಳಗೆ. ವಿಡಿಯೊ ಗಂಟೆಗೆ 2 ಜಿಬಿ ಇರುವಾಗ ಇಲ್ಲಿ ಜಿಪುಣತನ ಮಾಡಿ ಪ್ರಯೋಜನವಿಲ್ಲ. ಭಾಷಣಕ್ಕೆ ಬೇಕಾದರೆ 64 ಕೆಬಿಪಿಎಸ್ ಮೋನೊ ಸಾಕು. ಸಂಗೀತ ಕಛೇರಿಗೆ 160ಕ್ಕಿಂತ ಇಳಿಯಬೇಡಿ. ತಂಬೂರಿ, ಚಂಡೆಯ ನಾದ ಮೊದಲು ಹಾಳಾಗುತ್ತದೆ. ಚಿತ್ರ ಸ್ವಲ್ಪ ಕೆಟ್ಟರೂ ಜನ ಸಹಿಸುತ್ತಾರೆ, ಕಿವಿಗೆ ಕರಕರ ಅಂದರೆ ಎದ್ದು ಹೋಗುತ್ತಾರೆ.

ರಾತ್ರಿ ತೆಗೆದ ವಿಡಿಯೊ ಹಿಂಡಿದ ಮೇಲೂ ದೊಡ್ಡದೇ ಇದೆ. ಒಂದು ಸಲ ಮೂಲಕ್ಕಿಂತ ದೊಡ್ಡದಾಯಿತು!

ಕತ್ತಲಿನ ಚುಕ್ಕಿಗಳ ಕೆಲಸ. ಪ್ರತಿ ಫ್ರೇಮಿನಲ್ಲೂ ಅವು ಬೇರೆ ಕಡೆ ಇರುತ್ತವೆ. ಎನ್‌ಕೋಡರಿಗೆ ಅದು ಕಸ ಅಂತ ಗೊತ್ತಿಲ್ಲ, ಶ್ರದ್ಧೆಯಿಂದ ಒಂದೊಂದನ್ನೂ ಬರೆದಿಡುತ್ತದೆ. 'ಫಿಲ್ಟರ್ಸ್' ಟ್ಯಾಬಿನಲ್ಲಿ ಡಿನಾಯ್ಸ್ ಇದೆ. ಎನ್‌ಎಲ್‌ಮೀನ್ಸ್ ಆರಿಸಿ, ಲೈಟ್ ಇಡಿ. ತುಂಬ ನಿಧಾನ, ಆದರೆ ಗಾತ್ರ ಚೆನ್ನಾಗಿ ಇಳಿಯುತ್ತದೆ. ಸ್ಟ್ರಾಂಗ್ ಇಟ್ಟರೆ ಎಲ್ಲರ ಮುಖವೂ ಮೇಣದ ಗೊಂಬೆ.

ಮೂಲಕ್ಕಿಂತ ದೊಡ್ಡದಾಯಿತು ಅಂದರೆ ಆ ಮೂಲ ಮೊದಲೇ ಹಿಂಡಿದ್ದು, ನೀವು ಕೊಟ್ಟ ಆರ್‌ಎಫ್ ಅದಕ್ಕೆ ಜಾಸ್ತಿ ಒಳ್ಳೆಯದು. ಅದನ್ನು ಬಿಟ್ಟುಬಿಡಿ, ಮೂಲವೇ ಇರಲಿ.

ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಳಸಿದರೆ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಬಳಸಲೇ?

ಎನ್‌ವೆಂಕ್, ಕ್ವಿಕ್ ಸಿಂಕ್ ಇವೆಲ್ಲ ವೇಗಕ್ಕಾಗಿ ಇರುವವು. ಅದೇ ನೋಟಕ್ಕೆ ಫೈಲು ಸ್ವಲ್ಪ ದೊಡ್ಡದಾಗುತ್ತದೆ. ನಾಳೆಯೇ ಕೊಡಬೇಕು ಅಂದರೆ ಬಳಸಿ. ಗಾತ್ರವೇ ಮುಖ್ಯ ಅಂದರೆ ಪ್ರೊಸೆಸರಿಗೇ ಬಿಡಿ, ಎನ್‌ಕೋಡರ್ ಪ್ರಿಸೆಟ್ ಜಾರುಪಟ್ಟಿಯನ್ನು 'ಸ್ಲೋ' ಕಡೆ ಸರಿಸಿ. ತೀರಾ ಕೊನೆಯ 'ಪ್ಲಸೀಬೊ'ಗೆ ಹೋಗಬೇಡಿ. ಹೆಸರೇ ಹೇಳುತ್ತದಲ್ಲ, ಮದ್ದಿಲ್ಲದ ಮಾತ್ರೆ ಅಂತ.

ಹಳೆಯ ಮದುವೆ ವಿಡಿಯೊ, ಡಿವಿಡಿ, ಮಿನಿ ಡಿವಿ ಕ್ಯಾಸೆಟ್ ಇವೆ. ಅವನ್ನು ಹೇಗೆ ಇಳಿಸಿಡಲಿ?

ಮಿನಿ ಡಿವಿ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಅದು ಹಳೆಯ ಪದ್ಧತಿಯ ಸಂಕೋಚನ, ಎಚ್.264ಕ್ಕೆ ತಂದರೆ ತುಂಬ ಇಳಿಯುತ್ತದೆ. ಆದರೆ ಒಂದು ಕೆಲಸ ಮೊದಲು ಮಾಡಬೇಕು.

ಈ ಹಳೆಯವುಗಳಲ್ಲಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ. ಒಂದು ಸಲ ಬೆಸ ಗೆರೆ, ಮುಂದಿನ ಸಲ ಸಮ ಗೆರೆ. ಹಳೆಯ ಡಬ್ಬಾ ಟಿವಿಯಲ್ಲಿ ಗೊತ್ತಾಗುತ್ತಿರಲಿಲ್ಲ. ಈಗಿನ ಪರದೆಯಲ್ಲಿ ಯಾರಾದರೂ ಕೈ ಬೀಸಿದರೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಏಳುತ್ತದೆ. ಹಾಗೇ ಹಿಂಡಿದರೆ ಆ ಹಲ್ಲುಗಳಿಗೂ ಬಿಟ್ ಖರ್ಚಾಗುತ್ತದೆ, ಮುಂದೆ ತೆಗೆಯುವುದೂ ಕಷ್ಟ. ಫಿಲ್ಟರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಆರ್‌ಎಫ್ 18ರಿಂದ 20 ಕೊಡಿ.

ಡಿವಿಡಿ ನಮ್ಮ ಕಡೆಯದ್ದು 720ಕ್ಕೆ 576 ಪಿಕ್ಸೆಲ್. ವಿಸಿಡಿ ಇನ್ನೂ ಚಿಕ್ಕದು, 352ಕ್ಕೆ 288. ಅವನ್ನು 1080ಪಿಗೆ ಹಿಗ್ಗಿಸಿ ಎನ್‌ಕೋಡ್ ಮಾಡಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲು ಮಾತ್ರ ಉಬ್ಬುತ್ತದೆ. ವಿಸಿಡಿಯನ್ನು ಹಿಂಡಲೂ ಹೋಗಬೇಡಿ. ಅದರಲ್ಲಿ ಕಳೆದುಕೊಳ್ಳಲು ಏನೂ ಉಳಿದಿಲ್ಲ.

ಪೆನ್‌ಡ್ರೈವಿಗೆ ಹಾಕಲು ಹೋದರೆ "ಫೈಲು ದೊಡ್ಡದು" ಅನ್ನುತ್ತದೆ. ಡ್ರೈವಲ್ಲಿ 30 ಜಿಬಿ ಖಾಲಿ ಇದೆ!

ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಹಳೆಯ ಟಿವಿಗೆ ಎಕ್ಸ್‌ಫ್ಯಾಟ್ ಓದಲು ಬರದಿದ್ದರೆ ವಿಡಿಯೊವನ್ನು ಲಾಸ್‌ಲೆಸ್‌ಕಟ್‌ನಲ್ಲಿ ಎರಡು ತುಂಡು ಮಾಡಿ.

ಮುಂದಿನ ಸಲ ಶೂಟ್ ಮಾಡುವಾಗಲೇ ಏನಾದರೂ ಮಾಡಬಹುದಾ?

1080ಪಿ 30 ಇಡಿ. ಟ್ರೈಪಾಡ್ ಬಳಸಿ. ಕೈ ನಡುಗಿದರೆ ಗೋಡೆ, ಬ್ಯಾನರು, ಕಂಬ ಎಲ್ಲವೂ ನಡುಗುತ್ತವೆ. ಅಲುಗದ ತಾಳಮದ್ದಳೆಯೂ ಎನ್‌ಕೋಡರಿಗೆ ಬಯಲಾಟವಾಗಿ ಕಾಣುತ್ತದೆ. ಬೆಳಕು ಇದ್ದ ಕಡೆ ನಿಲ್ಲಿ. ಇದಕ್ಕಿಂತ ಅಗ್ಗದ ಸಂಕೋಚನ ಇಲ್ಲ.

ಇನ್ನು, ಎಲ್ಲವನ್ನೂ ಹಿಂಡಲೇಬೇಕು ಅಂತಲೂ ಇಲ್ಲ. ನಿಮಿಷಕ್ಕೆ 60 ಎಂಬಿ ಲೆಕ್ಕದಲ್ಲಿ 1 ಟಿಬಿ ಡಿಸ್ಕಿನಲ್ಲಿ 277 ಗಂಟೆ ವಿಡಿಯೊ ಹಿಡಿಯುತ್ತದೆ. ವಾರಗಟ್ಟಲೆ ಕಂಪ್ಯೂಟರ್ ಬಿಸಿ ಮಾಡುವುದಕ್ಕಿಂತ ಒಂದು ಡಿಸ್ಕು ತರುವುದು ಎಷ್ಟೋ ಸಲ ಲೇಸು.

ಹಿಂಡಿದ ಮೇಲೆ ಮೂಲ ಫೈಲು ಅಳಿಸಬಹುದಾ?

ಚಿಕ್ಕಪ್ಪನ ಮಗನ ಉಪನಯನದ ವಿಡಿಯೊ ನಾನು ಹೀಗೇ ಅಳಿಸಿದೆ. 11 ಜಿಬಿ ಇದ್ದದ್ದು 2 ಜಿಬಿ ಆಗಿತ್ತು. ಮೊದಲ ಹತ್ತು ನಿಮಿಷ ನೋಡಿದೆ, ಚೆನ್ನಾಗಿತ್ತು. ಮೂಲ ಅಳಿಸಿ, ಟ್ರ್ಯಾಷೂ ಖಾಲಿ ಮಾಡಿ ಮಲಗಿದೆ. ಎರಡು ದಿನ ಬಿಟ್ಟು ಚಿಕ್ಕಮ್ಮನ ಫೋನು: "ಅದ್ಯಾಕೋ, ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳ್ತದಲ್ಲ?" ಮುಂದಕ್ಕೆ ಹೋದಷ್ಟೂ ಧ್ವನಿ ಹಿಂದೆ ಬೀಳುತ್ತಿತ್ತು. ಫೋನುಗಳು ಒಂದೇ ಸಮನೆ 30 ಫ್ರೇಮು ತೆಗೆಯುವುದಿಲ್ಲ, ಬೆಳಕು ನೋಡಿ 28, 29 ಅಂತ ಏರುಪೇರು ಮಾಡುತ್ತವೆ. ನಾನು ಆಗ ಬಳಸಿದ ಆ್ಯಪು ಅದನ್ನು ಗಮನಿಸದೆ ಎಲ್ಲವನ್ನೂ 30 ಅಂತಲೇ ಎಣಿಸಿತ್ತು. ಹ್ಯಾಂಡ್‌ಬ್ರೇಕ್‌ನಲ್ಲಾದರೆ ಫೋನಿನ ವಿಡಿಯೊಗೆ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿದರೆ ಎಡಿಟಿಂಗಿನಲ್ಲೂ ಈ ಕಾಟ ಇರುವುದಿಲ್ಲ.

ಹಾಗಾಗಿ ಅಳಿಸುವ ಮೊದಲು ಮೂರು ಕಡೆ ನೋಡಿ. ಗಟ್ಟಿಮೇಳ, ನಡುವೆ ಯಾರಾದರೂ ಮೈಕಿನಲ್ಲಿ ಮಾತಾಡುವ ಜಾಗ, ಕಟ್ಟಕಡೆಯ ಐದು ನಿಮಿಷ. ಕೊನೆಯದನ್ನು ಹೆಡ್‌ಫೋನ್ ಹಾಕಿಕೊಂಡು, ತುಟಿ ನೋಡುತ್ತಾ ಕೇಳಿ. ಒಂದು ತಿಂಗಳು ಮೂಲವನ್ನು ಹಾಗೇ ಬಿಡಿ. ಅಷ್ಟರಲ್ಲಿ ಯಾರಾದರೊಬ್ಬರು ಚಿಕ್ಕಮ್ಮ ಪೂರ್ತಿ ನೋಡಿ ಮುಗಿಸಿರುತ್ತಾರೆ.